ಉಗ್ರ ಐವಾನನ ರಾಣಿಯರು

ರಾಜರ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಯುದ್ಧಗಳನ್ನೂ ಸಂಧಿಗಳನ್ನೂ ಎಣಿಸುತ್ತಾರೆ. ಅರಮನೆಯ ಒಳಗಣ ಸಂಗತಿಗಳನ್ನು ಒಂದೆರಡು ಸಾಲುಗಳಲ್ಲಿ ಮುಗಿಸಿಬಿಡುತ್ತಾರೆ. ಆದರೆ ರಾಜ್ಯವೊಂದರ ಹಣೆಬರಹವು ರಣರಂಗದಲ್ಲಿ ನಿಶ್ಚಯವಾಗುವಂತೆಯೇ ಅಂತಃಪುರದಲ್ಲಿಯೂ ನಿಶ್ಚಯವಾಗುವುದುಂಟು. ಹದಿನಾರನೆಯ ಶತಮಾನದಲ್ಲಿ ರಷ್ಯ ದೇಶವನ್ನಾಳಿದ ನಾಲ್ಕನೆಯ ಐವಾನನ ಮದುವೆಗಳ ಕಥೆಯು ಇದಕ್ಕೆ ತಕ್ಕ ನಿದರ್ಶನ. ಆತನು ಎಷ್ಟು ಮಂದಿಯನ್ನು ಕೈಹಿಡಿದನು, ಅವರಲ್ಲಿ ಯಾರು ಸತ್ತರು, ಯಾರನ್ನು ಬಿಟ್ಟನು, ಬಿಟ್ಟವರ ಗತಿಯೇನಾಯಿತು, ಅದರಿಂದ ರಾಜ್ಯಕ್ಕೆ ಒದಗಿದುದೇನು ಎಂಬುದನ್ನು ನಾವು ಈ ಭಾಷಣದಲ್ಲಿ ವಿಚಾರಮಾಡೋಣ.

ಮೊದಲು ದೊರೆಯ ಹೆಸರನ್ನು ಕುರಿತು ಒಂದು ಮಾತು. ರಷ್ಯನರು ಈತನನ್ನು ‘ಗ್ರೋಜ್ನಿ’ ಎಂದು ಕರೆಯುತ್ತಾರೆ. ಇಂಗ್ಲಿಷಿನ ಮೂಲಕ ಚರಿತ್ರೆಯನ್ನು ಓದಿದ ನಮಗೆ ಈತನು ಕೇವಲ ‘ಭಯಂಕರ ಐವಾನ’. ಆದರೆ ಆ ಮೂಲ ಪದದಲ್ಲಿ ಭಯದ ಜೊತೆಗೆ ಭಕ್ತಿಯೂ ಸೇರಿದೆ. ಶತ್ರುಗಳನ್ನು ನಡುಗಿಸುವ ಪ್ರಭುವೆಂಬ ಗೌರವವಿದೆ. ಉಗ್ರನರಸಿಂಹ ಎನ್ನುವಾಗ ನಾವು ‘ಉಗ್ರ’ ಎಂಬ ಮಾತಿಗೆ ಯಾವ ಅರ್ಥವನ್ನು ಕೊಡುತ್ತೇವೆಯೋ ಅದೇ ಅರ್ಥವು ಅಲ್ಲಿಯೂ ಉಂಟು. ಆದುದರಿಂದ ಈತನನ್ನು ಉಗ್ರ ಐವಾನನೆಂದು ಕರೆದರೆ ತಪ್ಪಾಗಲಾರದು.

ಈ ಕಥೆಗೆ ಬೀಜವು ಬಿದ್ದುದು ಐವಾನನು ಹುಟ್ಟುವುದಕ್ಕೂ ಮೊದಲೇ. ಆತನ ತಂದೆಯಾದ ಮೂರನೆಯ ವಾಸಿಲಿಯು ೧೫೦೫ರಲ್ಲಿ ಸೊಲೊಮೋನಿಯ ಸಬುರೋವ ಎಂಬ ಕನ್ಯೆಯನ್ನು ಮದುವೆಯಾದನು. ಇಪ್ಪತ್ತು ವರ್ಷ ಸಂಸಾರ ನಡೆಯಿತು, ಮಕ್ಕಳಾಗಲಿಲ್ಲ. ಮಗನಿಲ್ಲದಿದ್ದರೆ ಪಟ್ಟವು ತಮ್ಮಂದಿರ ಪಾಲಾಗುವುದೆಂಬ ಚಿಂತೆಯು ದೊರೆಯನ್ನು ಹಿಡಿಯಿತು. ರಷ್ಯದ ಸನಾತನ ಕ್ರೈಸ್ತ ಧರ್ಮದಲ್ಲಿ ಬಂಜೆತನವೊಂದನ್ನೇ ಕಾರಣವಾಗಿ ಹೇಳಿ ಹೆಂಡತಿಯನ್ನು ಬಿಡುವುದಕ್ಕೆ ಅವಕಾಶವಿರಲಿಲ್ಲ. ಆದರೆ ಒಂದು ದಾರಿ ಮಾತ್ರ ತೆರೆದಿತ್ತು. ಗಂಡ ಹೆಂಡಿರಲ್ಲಿ ಒಬ್ಬರು ಸಂನ್ಯಾಸವನ್ನು ಸ್ವೀಕರಿಸಿದರೆ ಅವರು ಲೋಕದ ಪಾಲಿಗೆ ಸತ್ತಂತೆಯೇ; ಅವರ ಕೂದಲನ್ನು ಕತ್ತರಿಸಿ, ಹಳೆಯ ಹೆಸರನ್ನು ಬಿಡಿಸಿ, ಹೊಸ ಹೆಸರನ್ನು ಇಡುತ್ತಿದ್ದರು. ಹೀಗೆ ಹೆಂಡತಿಯು ಸಂನ್ಯಾಸಿನಿಯಾದರೆ ಗಂಡನು ವಿಧುರನಂತೆ ಬೇರೆ ಮದುವೆಗೆ ಸ್ವತಂತ್ರನಾಗುತ್ತಿದ್ದನು. ಸಂನ್ಯಾಸವನ್ನು ಮನಃಪೂರ್ವಕವಾಗಿ ಸ್ವೀಕರಿಸಬೇಕೆಂಬುದು ಶಾಸ್ತ್ರ. ಆದರೆ ದೊರೆಯು ಬಯಸಿದಾಗ ರಾಣಿಯ ಮನಸ್ಸನ್ನು ಕೇಳುವವರು ಯಾರು?

ಮಹಾಧರ್ಮಾಧ್ಯಕ್ಷನಾದ ದಾನಿಯೇಲನು ಒಪ್ಪಿಗೆಯಿತ್ತನು. ೧೫೨೫ರಲ್ಲಿ ಸೊಲೊಮೋನಿಯ ರಾಣಿಯು ಸೋಫಿಯ ಎಂಬ ಸಂನ್ಯಾಸಿನಿಯಾಗಿ ಸುಜ್ದಾಲ್ ಎಂಬ ಊರಿನ ಪೊಕ್ರೋವ್ ಮಠವನ್ನು ಸೇರಿದಳು. ಆಕೆಯು ತಾನಾಗಿಯೇ ಬಯಸಿ ಹೋದಳೆಂದು ಅರಮನೆಯ ಕಡೆಯವರು ಬರೆದರು. ಆ ಕಾಲದಲ್ಲಿ ಮಾಸ್ಕೋಗೆ ರಾಯಭಾರಿಯಾಗಿ ಬಂದಿದ್ದ ಹೆರ್ಬರ್‌ಸ್ಟೈನ್ ಎಂಬಾತನು ಬರೆದಿಟ್ಟುದು ಬೇರೆ: ಆಕೆಯು ಸಂನ್ಯಾಸಿನಿಯರ ಮುಸುಕನ್ನು ನೆಲಕ್ಕೆಸೆದು ತುಳಿದಳೆಂದೂ, ದೊರೆಯ ಆಪ್ತನೊಬ್ಬನು ಆಕೆಯನ್ನು ಚಾವಟಿಯಿಂದ ಹೊಡೆದನೆಂದೂ ಆತನು ಕೇಳಿದ್ದನು. ಮಠವನ್ನು ಸೇರಿದ ಮೇಲೆ ಆಕೆಗೆ ಗಂಡುಮಗು ಹುಟ್ಟಿತೆಂಬ ವದಂತಿಯೂ ಹಬ್ಬಿತು. ಊರ ಬಾಯಿಗೆ ಹೊಲಿಗೆ ಹಾಕುವುದುಂಟೆ? ದೊರೆಯು ಮರುವರ್ಷವೇ ಎಲೇನ ಗ್ಲಿನ್‌ಸ್ಕಯ ಎಂಬ ತರುಣಿಯನ್ನು ಮದುವೆಯಾದನು. ೧೫೩೦ರಲ್ಲಿ ಐವಾನನು ಹುಟ್ಟಿದನು. ಒಬ್ಬ ರಾಣಿಯನ್ನು ಮಠಕ್ಕೆ ದೂಡಿ ಪಡೆದ ಮಗನೇ ಈತನು. ಬಿಟ್ಟ ರಾಣಿಯಾದರೋ ತನ್ನನ್ನು ಬಿಟ್ಟ ಗಂಡನಿಗಿಂತಲೂ, ತನ್ನ ಸ್ಥಾನಕ್ಕೆ ಬಂದವಳಿಗಿಂತಲೂ ಹೆಚ್ಚುಕಾಲ ಬದುಕಿ ೧೫೪೨ರಲ್ಲಿ ತೀರಿಕೊಂಡಳು.

ಐವಾನನಿಗೆ ಮೂರು ವರ್ಷವಾಗಿದ್ದಾಗ ತಂದೆ ಸತ್ತನು. ಏಳು ವರ್ಷವಾಗಿದ್ದಾಗ ತಾಯಿ ಸತ್ತಳು. ತಾಯಿಗೆ ಯಾರೋ ವಿಷವಿಕ್ಕಿದರೆಂಬ ಮಾತು ಆಗಲೇ ಹುಟ್ಟಿತು. ಆ ಮೇಲೆ ಬೊಯಾರರೆಂಬ ದೊಡ್ಡ ಮನೆತನದ ಸರದಾರರು ರಾಜ್ಯಕ್ಕಾಗಿ ತಮ್ಮತಮ್ಮಲ್ಲಿ ಕಚ್ಚಾಡಿದರು. ಬಾಲಕನಾದ ದೊರೆಯು ಅದನ್ನೆಲ್ಲ ಕಣ್ಣಾರೆ ಕಂಡನು. ಹತ್ತಿರದವರನ್ನು ನಂಬಕೂಡದೆಂಬ ಪಾಠವನ್ನು ಆತನು ಎಳೆತನದಲ್ಲಿಯೇ ಕಲಿತನೆಂದು ತೋರುತ್ತದೆ. ಮುಂದೆ ಅಂತಃಪುರದಲ್ಲಿ ಸಾವು ಸಂಭವಿಸಿದಾಗಲೆಲ್ಲ ಆತನಿಗೆ ಮೊದಲು ಹೊಳೆದುದು ವಿಷದ ಮಾತು.

೧೫೪೭ರ ಜನವರಿಯಲ್ಲಿ ಐವಾನನು ಝಾರ್ ಎಂಬ ಬಿರುದಿನೊಡನೆ ಪಟ್ಟಾಭಿಷಿಕ್ತನಾದನು. ರಷ್ಯದ ಅರಸರಲ್ಲಿ ಆ ಬಿರುದಿನಿಂದ ಪಟ್ಟಾಭಿಷೇಕವಾದವನು ಈತನೇ ಮೊದಲಿಗ. ಅದೇ ಸಮಯದಲ್ಲಿ ವಧುವಿನ ಅನ್ವೇಷಣೆಯೂ ನಡೆಯಿತು. ಆ ಕ್ರಮವನ್ನು ಸ್ವಲ್ಪ ವಿವರಿಸಬೇಕು. ದೊರೆಯ ಆಳುಗಳು ಓಲೆಗಳನ್ನು ಹಿಡಿದು ನಾಡಿನ ಮೂಲೆಮೂಲೆಗೂ ಹೋಗುತ್ತಿದ್ದರು. ಸರದಾರರೂ ಸೇವಕ ಮನೆತನದವರೂ ಮದುವೆಯ ವಯಸ್ಸಿಗೆ ಬಂದ ತಮ್ಮ ಹೆಣ್ಣುಮಕ್ಕಳನ್ನು ತೋರಿಸಬೇಕು. ಅಡಗಿಸಿಟ್ಟವರಿಗೆ ಶಿಕ್ಷೆ ಕಾದಿತ್ತು. ಆಯ್ದ ಕನ್ಯೆಯರನ್ನು ರಾಜಧಾನಿಗೆ ಕರೆತಂದು, ಸೂಲಗಿತ್ತಿಯರಿಂದಲೂ ವೈದ್ಯರಿಂದಲೂ ಪರೀಕ್ಷೆ ಮಾಡಿಸಿ, ನೂರಾರು ಮಂದಿಯನ್ನು ಹತ್ತಾರಕ್ಕೆ ಇಳಿಸಿ, ಕೊನೆಗೆ ದೊರೆಯ ಮುಂದೆ ನಿಲ್ಲಿಸುತ್ತಿದ್ದರು. ದೊರೆಯು ಮೆಚ್ಚಿದವಳಿಗೆ ಉಂಗುರವನ್ನೂ ಕರವಸ್ತ್ರವನ್ನೂ ಕೊಡುತ್ತಿದ್ದನು.

ಇದು ಮೇಲುನೋಟಕ್ಕೆ ಸ್ವಯಂವರವನ್ನು ತಲೆಕೆಳಗು ಮಾಡಿದಂತಿದೆ. ಇದರ ಒಳಗೆ ರಾಜನೀತಿಯು ಅಡಗಿತ್ತು. ಪರದೇಶದ ರಾಜಕುಮಾರಿಯನ್ನು ತಂದರೆ ಮತದ ತೊಡಕು. ದೊಡ್ಡ ಬೊಯಾರ ಮನೆತನದ ಹೆಣ್ಣನ್ನು ತಂದರೆ ಆ ಮನೆತನವು ತಲೆಯೆತ್ತಿ ಉಳಿದವರೆಲ್ಲ ಮುನಿಯುವ ಭಯ. ಆದುದರಿಂದ ನಡುತರದ ಮನೆತನದ ಹೆಣ್ಣನ್ನು ಆರಿಸುವುದು ಹೆಚ್ಚಾಯಿತು. ಆದರೂ ಮಗಳು ರಾಣಿಯಾದೊಡನೆ ಅವಳ ತಂದೆ, ಅಣ್ಣತಮ್ಮಂದಿರು, ಚಿಕ್ಕಪ್ಪಂದಿರು ಎಲ್ಲರೂ ಆಸ್ಥಾನಕ್ಕೆ ಬಂದು ಪದವಿಗಳನ್ನು ಪಡೆಯುತ್ತಿದ್ದರು. ಹೀಗಾಗಿ ಪ್ರತಿಯೊಬ್ಬ ರಾಣಿಯ ಹಿಂದೆಯೂ ಒಂದು ಕುಲವು ಏರುತ್ತಿತ್ತು. ಅವಳು ಸತ್ತರೆ ಅಥವಾ ಮಠವನ್ನು ಸೇರಿದರೆ ಆ ಕುಲವು ಜಾರಿ ಬೀಳುತ್ತಿತ್ತು. ವಧುವಿನ ಆರೋಗ್ಯವನ್ನು ಕೆಡಿಸಲು ಹವಣಿಸುವವರೂ, ಹಾಗೆ ಹವಣಿಸಿದರೆಂದು ಆಪಾದಿಸುವವರೂ ಆಸ್ಥಾನದಲ್ಲಿ ಸದಾ ಇದ್ದುದರಲ್ಲಿ ಆಶ್ಚರ್ಯವಿಲ್ಲ.

ಐವಾನನು ಆರಿಸಿದ ಮೊದಲನೆಯ ವಧು ಅನಸ್ತಾಸಿಯ, ಝಖಾರಿನ್ ಮನೆತನದವಳು. ೧೫೪೭ರ ಫೆಬ್ರವರಿ ೩ರಂದು ಮದುವೆಯಾಯಿತು. ಹದಿಮೂರು ವರ್ಷದ ದಾಂಪತ್ಯದಲ್ಲಿ ಆರು ಮಕ್ಕಳು ಹುಟ್ಟಿದರು. ಐವಾನ್ ಮತ್ತು ಫ್ಯೋದರ್ ಎಂಬ ಇಬ್ಬರು ಗಂಡುಮಕ್ಕಳು ಮಾತ್ರ ಉಳಿದರು. ೧೫೫೩ರಲ್ಲಿ ದೊರೆಯು ಕಾಯಿಲೆಯಿಂದ ಸಾಯುವ ಸ್ಥಿತಿಗೆ ಬಂದನು. ತೊಟ್ಟಿಲಲ್ಲಿದ್ದ ತನ್ನ ಹಿರಿಯ ಮಗು ದಿಮಿತ್ರಿಗೆ ನಿಷ್ಠೆಯ ಪ್ರಮಾಣ ಮಾಡಿರೆಂದು ಆತನು ಬೊಯಾರರನ್ನು ಕೇಳಿದಾಗ ಹಲವರು ಹಿಂಜರಿದರು. ಮಗುವಿನ ಹೆಸರಿನಲ್ಲಿ ರಾಣಿಯ ತವರಿನವರು ತಮ್ಮನ್ನು ಆಳುವರೆಂಬುದೇ ಅವರ ಆಕ್ಷೇಪಣೆ. ದೊರೆಯು ಬದುಕಿಕೊಂಡನು, ಆದರೆ ಆ ಹಿಂಜರಿಕೆಯನ್ನು ಮರೆಯಲಿಲ್ಲ. ಆ ಮಗುವಾದರೋ ಅದೇ ವರ್ಷ ತೀರಿಹೋಯಿತು.

೧೫೬೦ರ ಆಗಸ್ಟ್ ೭ರಂದು ಅನಸ್ತಾಸಿಯ ರಾಣಿಯು ಸತ್ತಳು. ಅವಳಿಗೆ ವಿಷವಿಕ್ಕಿದರೆಂದು ದೊರೆಯು ನಂಬಿದನು. ಸುಮಾರು ೪೪೦ ವರ್ಷಗಳಾದ ಮೇಲೆ ವಿಜ್ಞಾನಿಗಳು ಆಕೆಯ ಸಮಾಧಿಯಲ್ಲಿ ಉಳಿದಿದ್ದ ಕೂದಲನ್ನು ಪರೀಕ್ಷಿಸಿದಾಗ ಅದರಲ್ಲಿ ಪಾದರಸದ ಅಂಶವು ಬಹಳ ಹೆಚ್ಚಾಗಿ ಕಂಡುಬಂದಿತು. ಇದರಿಂದ ವಿಷಪ್ರಯೋಗವು ಸಿದ್ಧವಾಯಿತೆಂದು ಹೇಳುವವರುಂಟು. ಆದರೆ ಆ ಕಾಲದ ಲೇಪಗಳಲ್ಲಿಯೂ ಔಷಧಗಳಲ್ಲಿಯೂ ಪಾದರಸವನ್ನು ಬಳಸುತ್ತಿದ್ದರು. ೧೯೬೩ರಲ್ಲಿ ಐವಾನನ ಗೋರಿಯನ್ನೇ ತೆರೆದಾಗ ಆತನ ಮೂಳೆಗಳಲ್ಲಿಯೂ ಪಾದರಸವು ಸಿಕ್ಕಿತು. ಹೀಗಿರಲು ವೈದ್ಯನ ಕೈಯ ಔಷಧವೋ ಶತ್ರುವಿನ ಕೈಯ ವಿಷವೋ ಎಂಬ ತೀರ್ಮಾನವನ್ನು ಕೂದಲೊಂದೇ ಕೊಡಲಾರದು.

ಹಳೆಯ ಚರಿತ್ರಕಾರರು ಐವಾನನ ಬಾಳನ್ನು ಎರಡಾಗಿ ಸೀಳುತ್ತಾರೆ: ಅನಸ್ತಾಸಿಯ ಬದುಕಿರುವವರೆಗೆ ಆತನು ಸಾಧು, ಅವಳು ಸತ್ತ ಮೇಲೆ ಕ್ರೂರಿ. ಈ ಚಿತ್ರವು ಮನಸ್ಸಿಗೆ ಒಪ್ಪುವಂತಹುದು. ಪೂರ್ತಿಯಾಗಿ ಸುಳ್ಳೂ ಅಲ್ಲ. ಆದರೆ ಒಂದು ಸಂಗತಿಯನ್ನು ನಾವು ನೆನಪಿಡಬೇಕು. ಮುಂದೆ ರಷ್ಯದ ಪಟ್ಟಕ್ಕೆ ಬಂದು ಮುನ್ನೂರು ವರ್ಷ ಆಳಿದ ರೊಮಾನೊವ್ ವಂಶವು ಈ ರಾಣಿಯ ಸೋದರನಾದ ನಿಕೀತನ ಸಂತತಿ. ತಮ್ಮ ಮನೆಯ ಹೆಣ್ಣನ್ನು ಸಾಧ್ವಿಯೆಂದೂ ದೊರೆಯ ಸದ್ಬುದ್ಧಿಯೆಂದೂ ಕೊಂಡಾಡುವುದು ಅವರಿಗೆ ಪ್ರಿಯವಾಗಿಯೇ ಇದ್ದಿತು.

ರಾಣಿಯು ಸತ್ತ ಕೆಲವೇ ದಿನಗಳಲ್ಲಿ ಎರಡನೆಯ ಮದುವೆಯ ಮಾತು ಎದ್ದಿತು. ಪೋಲೆಂಡಿನ ದೊರೆಯ ತಂಗಿಯಾದ ಕ್ಯಾಥರಿನ್‌ಳನ್ನು ಕೇಳಿ ಕಳುಹಿಸಿದರು, ಕೆಲಸ ಕೈಗೂಡಲಿಲ್ಲ. ೧೫೬೧ರಲ್ಲಿ ಐವಾನನು ಕಾಕಸಸ್ ಪರ್ವತಪ್ರಾಂತದ ಕಬಾರ್ದ ನಾಡಿನ ತೆಮ್ರ್ಯೂಕ್ ಎಂಬ ಪ್ರಭುವಿನ ಮಗಳನ್ನು ತಂದು, ಕ್ರೈಸ್ತ ದೀಕ್ಷೆ ಕೊಡಿಸಿ, ಮರಿಯ ಎಂದು ಹೆಸರಿಟ್ಟು ಮದುವೆಯಾದನು. ಅವಳಿಗೆ ಹುಟ್ಟಿದ ಒಂದೇ ಗಂಡುಕೂಸು ಕೆಲವು ವಾರಗಳಲ್ಲಿ ಸತ್ತಿತು. ಕ್ಯಾಥರಿನ್‌ಳ ಆಸೆಯನ್ನು ಐವಾನನು ಆಗಲೂ ಬಿಟ್ಟಿರಲಿಲ್ಲ. ಅವಳು ಸ್ವೀಡನ್ನಿನ ರಾಜಸಹೋದರನ ಕೈಹಿಡಿದಿದ್ದಳು; ಐವಾನನ ಮನೆಯಲ್ಲಿಯೂ ಹೆಂಡತಿಯಿದ್ದಳು. ಹಾಗಿದ್ದೂ ೧೫೬೭ರಲ್ಲಿ ಅವಳನ್ನು ತನಗೆ ಒಪ್ಪಿಸಬೇಕೆಂದು ಸ್ವೀಡನ್ನಿನ ದೊರೆಯೊಡನೆ ಆತನು ಒಪ್ಪಂದ ಮಾಡಿಕೊಂಡನು. ಮರುವರ್ಷ ಆ ದೊರೆಯೇ ಪದಚ್ಯುತನಾಗಿ, ಕ್ಯಾಥರಿನ್‌ಳ ಗಂಡನು ಪಟ್ಟವೇರಿದುದರಿಂದ ಅವಳು ಉಳಿದುಕೊಂಡಳು. ೧೫೬೯ರ ಸೆಪ್ಟೆಂಬರಿನಲ್ಲಿ ಮರಿಯ ರಾಣಿಯೂ ಸತ್ತಳು. ಮತ್ತೆ ವಿಷದ ಮಾತು. ಮುಂದಿನ ತಿಂಗಳಿನಲ್ಲಿಯೇ ಐವಾನನು ತನ್ನ ದಾಯಾದಿಯಾದ ವ್ಲಾದಿಮೀರನ ಮೇಲೆ ದ್ರೋಹವನ್ನು ಹೊರಿಸಿ ಆತನಿಗೆ ಬಲಾತ್ಕಾರವಾಗಿ ವಿಷವನ್ನು ಕುಡಿಸಿದನು. ಎರಡು ವರ್ಷದೊಳಗೆ ಮೃತರಾಣಿಯ ಸ್ವಂತ ಸೋದರನಿಗೂ ಮರಣದಂಡನೆಯಾಯಿತು. ರಾಣಿಯೊಡನೆ ಅವಳ ಕುಲವು ಹೇಗೆ ಬೀಳುತ್ತಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಮೂರನೆಯ ಮದುವೆಗೆ ೧೫೭೧ರಲ್ಲಿ ಮತ್ತೆ ವಧುಪರೀಕ್ಷೆ ನಡೆಯಿತು. ಎರಡು ಸಾವಿರ ಕನ್ಯೆಯರನ್ನು ತಂದಿದ್ದರೆಂದು, ಐವಾನನ ಸೇವೆಯಲ್ಲಿದ್ದು ಓಡಿಹೋದ ಲಿವೋನಿಯದ ಇಬ್ಬರು ಸರದಾರರು ಬರೆದಿದ್ದಾರೆ. ಗೆದ್ದವಳು ಮಾರ್ಫ ಸೊಬಾಕಿನ. ಉಂಗುರವು ಬೆರಳಿಗೆ ಬಂದ ಸ್ವಲ್ಪ ಕಾಲದಲ್ಲಿಯೇ ಅವಳಿಗೆ ಕಾಯಿಲೆಯು ಹತ್ತಿತು, ದಿನದಿನಕ್ಕೆ ಬಡವಾದಳು. ಆದರೂ ಅಕ್ಟೋಬರ್ ೨೮ರಂದು ಮದುವೆ ನಡೆಯಿತು. ನವೆಂಬರ್ ೧೩ರಂದು ಅವಳು ಸತ್ತಳು. ರಾಣಿಯಾಗಿ ಅವಳು ಬಾಳಿದುದು ಹದಿನಾರು ದಿನ. ಈ ಹುಡುಗಿಯ ಕಥೆಯನ್ನು ಮುಂದೆ ರಷ್ಯದ ಸಂಗೀತಗಾರನಾದ ರಿಮ್‌ಸ್ಕಿ ಕೋರ್ಸಕೋವನು ‘ಝಾರನ ವಧು’ ಎಂಬ ಗೇಯನಾಟಕವನ್ನಾಗಿ ಮಾಡಿದನು. ಅದು ೧೮೯೯ರಲ್ಲಿ ಮೊದಲು ರಂಗವನ್ನೇರಿತು.

ಇಲ್ಲಿಗೆ ಮೂರು ಮದುವೆಗಳಾದುವು. ಈಗ ಶಾಸ್ತ್ರವು ಅಡ್ಡಬಂದಿತು. ಸನಾತನ ಕ್ರೈಸ್ತ ಧರ್ಮಸಂಘವು ಮೊದಲನೆಯ ಮದುವೆಯನ್ನು ಹರಸುತ್ತದೆ. ಎರಡನೆಯದನ್ನು ಮನುಷ್ಯನ ದೌರ್ಬಲ್ಯವೆಂದು ಸಹಿಸುತ್ತದೆ. ಮೂರನೆಯದನ್ನು ಪ್ರಾಯಶ್ಚಿತ್ತ ಮಾಡಿಸಿ ಒಪ್ಪುತ್ತದೆ. ನಾಲ್ಕನೆಯದು ಸರ್ವಥಾ ಕೂಡದು. ಈ ನಿಯಮವು ಹುಟ್ಟಿದುದೂ ಒಬ್ಬ ದೊರೆಯ ದೆಸೆಯಿಂದಲೇ. ಹತ್ತನೆಯ ಶತಮಾನದ ಆದಿಯಲ್ಲಿ ಕಾನ್‌ಸ್ಟಾಂಟಿನೋಪಲಿನ ಚಕ್ರವರ್ತಿಯಾದ ಆರನೆಯ ಲಿಯೋ, ಗಂಡುಮಗನ ಹಂಬಲದಿಂದ ನಾಲ್ಕು ಮದುವೆಗಳನ್ನು ಮಾಡಿಕೊಂಡನು. ಅದರಿಂದ ಧರ್ಮಸಂಘವೇ ಎರಡು ಪಕ್ಷವಾಗಿ ಒಡೆಯಿತು. ಕೊನೆಗೆ ೯೨೦ರಲ್ಲಿ ಸೇರಿದ ಸಭೆಯು ನಾಲ್ಕನೆಯ ಮದುವೆಯನ್ನು ಇನ್ನು ಮುಂದೆ ಯಾರಿಗೂ ಸಲ್ಲದೆಂದು ನಿಷೇಧಿಸಿತು. ರಷ್ಯದವರು ಧರ್ಮವನ್ನು ಕಾನ್‌ಸ್ಟಾಂಟಿನೋಪಲಿನಿಂದ ಪಡೆದವರಾದುದರಿಂದ ಆ ನಿಷೇಧವು ಅವರಿಗೂ ಬಂಧಕವಾಗಿದ್ದಿತು.

ಐವಾನನು ಧರ್ಮವನ್ನು ಅಲಕ್ಷ್ಯಮಾಡುವವನಾಗಿರಲಿಲ್ಲ. ಗಂಟೆಗಟ್ಟಲೆ ಪ್ರಾರ್ಥನೆಯಲ್ಲಿ ನಿಲ್ಲುತ್ತಿದ್ದವನು. ಶಾಸ್ತ್ರವಾಕ್ಯಗಳನ್ನು ಬಾಯಿಪಾಠವಾಗಿ ಒಪ್ಪಿಸುತ್ತಿದ್ದವನು. ಆದುದರಿಂದ ಆತನಿಗೆ ಒಪ್ಪಿಗೆಯು ಬೇಕಾಯಿತು. ೧೫೭೨ರ ಏಪ್ರಿಲಿನಲ್ಲಿ ಮಾಸ್ಕೋದಲ್ಲಿ ಬಿಷಪರ ಸಭೆಯು ಸೇರಿತು. ಮಹಾಧರ್ಮಾಧ್ಯಕ್ಷನು ಅಷ್ಟರಲ್ಲಿಯೇ ತೀರಿಕೊಂಡಿದ್ದನು. ನೊವ್ಗೊರೊದಿನ ಆರ್ಚ್‌ಬಿಷಪನಾದ ಲಿಯೋನಿದನು ಮುಂದೆ ನಿಂತನು. ದೊರೆಯು ಸಭೆಯ ಮುಂದೆ ದೀನನಾಗಿ ಬೇಡಿಕೊಂಡನು: ಮೂವರು ಹೆಂಡಿರನ್ನೂ ದುಷ್ಟರು ಕೊಂದರು, ಮಾರ್ಫಳೊಡನೆ ದಾಂಪತ್ಯವೇ ನಡೆಯಲಿಲ್ಲ, ಸಂಸಾರವಿಲ್ಲದೆ ಬಾಳುವುದು ಕಷ್ಟ, ಸಂಸಾರವನ್ನು ಬಿಡುವುದಕ್ಕೆ ಮಕ್ಕಳೂ ರಾಜ್ಯವೂ ಅಡ್ಡಿ. ಬಿಷಪರು ಕರಗಿದರೋ ಹೆದರಿದರೋ, ಅಂತೂ ಒಪ್ಪಿದರು. ಮುಂದಿನ ಈಸ್ಟರ್ ಹಬ್ಬದವರೆಗೆ ದೊರೆಯು ಇಗರ್ಜಿಯೊಳಗೆ ಕಾಲಿಡಕೂಡದು. ಆ ಮೇಲೆ ವರ್ಷವರ್ಷಕ್ಕೂ ಕ್ರಮಕ್ರಮವಾಗಿ ಒಳಗೆ ಬರಬಹುದು. ಶತ್ರುಗಳ ಮೇಲೆ ದಂಡೆತ್ತಿ ಹೋದರೆ ಪ್ರಾಯಶ್ಚಿತ್ತಕ್ಕೆ ವಿನಾಯಿತಿಯುಂಟು. ಇದನ್ನು ನೋಡಿ ಬೇರೆ ಯಾರಾದರೂ ನಾಲ್ಕನೆಯ ಮದುವೆಗೆ ಕೈಹಾಕಿದರೆ ಅವರಿಗೆ ಬಹಿಷ್ಕಾರವೆಂದು ಸಭೆಯು ಎಚ್ಚರಿಕೆಯನ್ನೂ ಕೊಟ್ಟಿತು. ಎಂದರೆ ನಿಯಮವು ಲೋಕಕ್ಕೆಲ್ಲ ಉಳಿಯಿತು. ಒಬ್ಬನ ಮಟ್ಟಿಗೆ ಮಾತ್ರ ಸಡಿಲವಾಯಿತು. ಹೊಲವನ್ನು ಕಾಯುವುದಕ್ಕೆ ಹಾಕಿದ ಬೇಲಿಯೇ ಹೊಲವನ್ನು ಮೇಯಲು ಅನುಮತಿ ಕೊಟ್ಟಂತಾಯಿತು.

ಆ ನಾಲ್ಕನೆಯ ರಾಣಿಯು ಅನ್ನ ಕೊಲ್ತೋವ್‌ಸ್ಕಯ. ಅವಳಿಗಾಗಿ ಧರ್ಮಸಭೆಯೇ ಸೇರಿತ್ತು; ಆದರೆ ಅವಳ ಸೌಭಾಗ್ಯವು ಬಹುಕಾಲ ನಿಲ್ಲಲಿಲ್ಲ. ಮಕ್ಕಳಾಗಲಿಲ್ಲ, ದೊರೆಯ ಮನಸ್ಸು ತಿರುಗಿತು. ತಂದೆಯು ತೋರಿಸಿದ್ದ ಮಠದ ದಾರಿಯು ಮಗನಿಗೆ ನೆನಪಾಯಿತು. ಅನ್ನ ರಾಣಿಯ ಕೂದಲನ್ನು ಕತ್ತರಿಸಿ, ದಾರಿಯ ಎಂದು ಹೆಸರಿಟ್ಟು ಮಠಕ್ಕೆ ಕಳುಹಿಸಿದರು.

ಈ ಬಾರಿ ಐವಾನನು ಯಾವ ಸಭೆಯನ್ನೂ ಕೇಳಲಿಲ್ಲ. ಒಮ್ಮೆ ಬಾಗಿದ ಶಾಸ್ತ್ರವನ್ನು ಎರಡನೆಯ ಸಲ ಕೇಳುವ ಅಗತ್ಯವೇನು? ೧೫೭೫ರ ಸುಮಾರಿಗೆ ಅನ್ನ ವಾಸಿಲ್ಚಿಕೋವ ಎಂಬವಳನ್ನು ಮದುವೆಯಾದನು. ಕರೆಸಿಕೊಂಡವರು ಕೆಲವರೇ, ಎರಡು ವರ್ಷ ಕಳೆಯುವಷ್ಟರಲ್ಲಿ ಅವಳೂ ಅರಮನೆಯಿಂದ ಮರೆಯಾದಳು. ಅವಳ ಗೋರಿಯಿರುವುದು ಸುಜ್ದಾಲಿನ ಅದೇ ಪೊಕ್ರೋವ್ ಮಠದಲ್ಲಿ, ಸೊಲೊಮೋನಿಯ ರಾಣಿಯು ಮಣ್ಣಾದ ಸ್ಥಳದಲ್ಲಿ.

ಇಲ್ಲಿ ಒಂದು ತೊಡಕನ್ನು ಬಿಡಿಸಬೇಕು. ಐವಾನನಿಗೆ ಏಳು ಮಂದಿ ಹೆಂಡಿರೆಂದು ಕೆಲವರು, ಎಂಟು ಮಂದಿಯೆಂದು ಕೆಲವರು ಹೇಳುತ್ತಾರೆ. ವಾಸಿಲಿಸ ಮೆಲೆಂತ್ಯೇವ ಎಂಬ ವಿಧವೆಯನ್ನು ಆತನು ಇಟ್ಟುಕೊಂಡಿದ್ದನೆಂದೂ, ಮರಿಯ ದೋಲ್ಗೊರೂಕಯ ಎಂಬವಳನ್ನು ಮದುವೆಯ ಮರುದಿನವೇ ಕೊಳದಲ್ಲಿ ಮುಳುಗಿಸಿದನೆಂದೂ ಕಥೆಗಳಿವೆ. ವಾಸಿಲಿಸಳನ್ನು ಕುರಿತು ೧೮೬೭ರಲ್ಲಿ ಓಸ್ತ್ರೋವ್‌ಸ್ಕಿಯು ನಾಟಕವನ್ನೇ ಬರೆದನು. ಆದರೆ ಈ ಇಬ್ಬರ ವಿಷಯದಲ್ಲಿ ನಂಬತಕ್ಕ ಆಧಾರವಿಲ್ಲವೆಂದು ಚರಿತ್ರಕಾರರು ಸಂಶಯಪಡುತ್ತಾರೆ. ನಿಶ್ಚಯವಾಗಿ ಹೇಳಬಹುದಾದವರು ಆರು ಮಂದಿ. ಇದ್ದವರ ದುಃಖವೇ ಸಾಕಷ್ಟಿರುವಾಗ ಇಲ್ಲದವರನ್ನು ಸೇರಿಸುವುದು ನಮಗೆ ಬೇಡ.

ದೊರೆಯು ತನ್ನ ಹೆಂಡಿರನ್ನು ಮಾತ್ರ ಬಿಟ್ಟವನಲ್ಲ, ಸೊಸೆಯರನ್ನೂ ಬಿಡಿಸಿದನು. ಹಿರಿಯ ಮಗನಾದ ಐವಾನ್ ಕುಮಾರನಿಗೆ ೧೫೭೧ರಲ್ಲಿ ಯೆವ್ದೊಕಿಯ ಸಬುರೋವಳನ್ನು ತಂದರು. ಮರುವರ್ಷ ಅವಳನ್ನು ಸುಜ್ದಾಲಿನ ಮಠಕ್ಕೆ ಕಳುಹಿಸಿದರು. ಎರಡನೆಯವಳಾದ ಪ್ರಸ್ಕೋವ್ಯ ಸೊಲೋವಯಳಿಗೂ ಮಕ್ಕಳಾಗಲಿಲ್ಲವೆಂದು ಮಠವೇ ಗತಿಯಾಯಿತು. ಮೂರನೆಯವಳು ಎಲೇನ ಶೆರೆಮೆತ್ಯೇವ. ೧೫೮೧ರ ನವೆಂಬರಿನಲ್ಲಿ ಐವಾನನು ಕೋಪಾವೇಶದಲ್ಲಿ ತನ್ನ ಮಗನಿಗೆ ದಂಡದಿಂದ ಹೊಡೆದನು. ಕೆಲವು ದಿನಗಳಲ್ಲಿ ಆತನು ಸತ್ತನು. ಗರ್ಭಿಣಿಯಾದ ಸೊಸೆಯು ತಕ್ಕ ಉಡುಪಿನಲ್ಲಿಲ್ಲದುದನ್ನು ಕಂಡು ದೊರೆಯು ಹೊಡೆದನೆಂದೂ, ಅವಳಿಗೆ ಗರ್ಭಪಾತವಾಯಿತೆಂದೂ, ಹೆಂಡತಿಯನ್ನು ರಕ್ಷಿಸಲು ಬಂದ ಮಗನಿಗೆ ಏಟು ಬಿದ್ದಿತೆಂದೂ, ಮರುವರ್ಷ ಮಾಸ್ಕೋಗೆ ಬಂದಿದ್ದ ಪೊಸೆವೀನೋ ಎಂಬ ಜೆಸ್ಯೂಯಿಟ್ ಪಾದ್ರಿಯು ಬರೆದಿಟ್ಟನು. ಕಾರಣವೇನೇ ಇರಲಿ, ವಂಶವನ್ನು ಉಳಿಸುವುದಕ್ಕಾಗಿ ಇಷ್ಟು ಹೆಂಗಸರ ಬಾಳನ್ನು ಮುರಿದವನು ತನ್ನ ಕೈಯಿಂದಲೇ ವಂಶದ ಕಂಬವನ್ನು ಉರುಳಿಸಿದನು. ಉಳಿದವನು ದುರ್ಬಲನಾದ ಫ್ಯೋದರ್ ಒಬ್ಬನೇ.

ಅದಕ್ಕೆ ಒಂದು ವರ್ಷ ಮೊದಲು, ೧೫೮೦ರಲ್ಲಿ, ಐವಾನನು ಮರಿಯ ನಾಗಾಯಳನ್ನು ಮದುವೆಯಾಗಿದ್ದನು. ೧೫೮೨ರ ಅಕ್ಟೋಬರಿನಲ್ಲಿ ಅವಳಿಗೆ ದಿಮಿತ್ರಿ ಎಂಬ ಮಗನು ಹುಟ್ಟಿದನು. ಅದೇ ವರ್ಷ ಐವಾನನ ರಾಯಭಾರಿಯಾದ ಪೀಸೆಮ್‌ಸ್ಕಿಯು ಇಂಗ್ಲೆಂಡಿಗೆ ಹೊರಟನು. ಎಲಿಜಬೆತ್ ರಾಣಿಯ ಬಂಧುವಾದ ಮೇರಿ ಹೇಸ್ಟಿಂಗ್ಸ್ ಎಂಬ ಕನ್ಯೆಯನ್ನು ದೊರೆಗಾಗಿ ಕೇಳುವುದು ಆತನ ಕೆಲಸ. ನಿಮ್ಮ ದೊರೆಗೆ ಈಗಾಗಲೇ ಹೆಂಡತಿಯಿದ್ದಾಳಲ್ಲ ಎಂದು ಅಲ್ಲಿ ಯಾರಾದರೂ ಕೇಳಿದರೆ ಹೇಳಬೇಕಾದ ಉತ್ತರವನ್ನೂ ಆತನಿಗೆ ಕಲಿಸಿ ಕಳುಹಿಸಿದ್ದರು: ಅವಳು ರಾಜಪುತ್ರಿಯಲ್ಲ, ಪ್ರಜೆಯೊಬ್ಬನ ಮಗಳು, ದೊರೆಗೆ ಅವಳು ಒಪ್ಪಿಗೆಯಿಲ್ಲ, ಈ ಸಂಬಂಧಕ್ಕಾಗಿ ಅವಳನ್ನು ಬಿಡುವರು. ಮನೆಯಲ್ಲಿ ಬಸುರಿಯೋ ಬಾಣಂತಿಯೋ ಆಗಿದ್ದ ಹೆಂಡತಿಯನ್ನು ಕುರಿತು ಕಡಲಾಚೆ ನಡೆದ ಮಾತು ಇದು. ೧೫೮೩ರ ಮೇ ತಿಂಗಳಲ್ಲಿ ರಾಯಭಾರಿಯು ಲಂಡನ್ನಿನ ತೋಟವೊಂದರಲ್ಲಿ ಕನ್ಯೆಯನ್ನು ನೋಡಿ, ಅವಳ ಎತ್ತರವನ್ನೂ ಬಣ್ಣವನ್ನೂ ವರದಿ ಮಾಡಿದನು. ಎಲಿಜಬೆತ್ ರಾಣಿಯು ಹುಡುಗಿಗೆ ಆರೋಗ್ಯ ಸಾಲದೆಂದು ನಯವಾಗಿ ಜಾರಿಕೊಂಡಳು. ೧೫೮೪ರ ಮಾರ್ಚಿನಲ್ಲಿ ಐವಾನನು ಸತ್ತುದರಿಂದ ಆ ಮಾತು ಅಲ್ಲಿಗೆ ಮುಗಿಯಿತು. ಮರಿಯ ರಾಣಿಯನ್ನು ಮಠದಿಂದ ಆಗ ಉಳಿಸಿದುದು ಗಂಡನ ಮರಣ.

ಆದರೆ ಎಂದೆಂದಿಗೂ ಉಳಿಸಲಿಲ್ಲ. ಫ್ಯೋದರನು ಪಟ್ಟಕ್ಕೆ ಬಂದೊಡನೆ ಮರಿಯಳನ್ನೂ ಅವಳ ಕೂಸನ್ನೂ ಉಗ್ಲಿಚ್ ಎಂಬ ಊರಿಗೆ ಸಾಗಿಸಿದರು. ಐದು ಮದುವೆಗಳಾದ ಮೇಲೆ ಕೈಹಿಡಿದವಳ ಮಗನು ಶಾಸ್ತ್ರದ ಕಣ್ಣಿಗೆ ಔರಸಪುತ್ರನೆನಿಸಲಾರನು. ೧೫೯೧ರ ಮೇ ೧೫ರಂದು ಎಂಟು ವರ್ಷದ ಆ ಬಾಲಕನು ಕತ್ತಿನಲ್ಲಿ ಗಾಯವಾಗಿ ಸತ್ತುಬಿದ್ದನು. ಮೂರ್ಛೆರೋಗದಿಂದ ತನ್ನ ಕೈಯ ಚೂರಿಯ ಮೇಲೆ ತಾನೇ ಬಿದ್ದನೆಂದು ವಿಚಾರಣೆಯವರು ತೀರ್ಪಿತ್ತರು. ಕೊಂದರೆಂದು ತಾಯಿ ಕೂಗಿಟ್ಟಳು. ಕೂಗಿಟ್ಟ ತಾಯಿಯ ಕೂದಲನ್ನು ಕತ್ತರಿಸಿ, ಮಾರ್ಫ ಎಂದು ಹೆಸರಿಟ್ಟು, ದೂರದ ಮಠಕ್ಕೆ ಅಟ್ಟಿದರು.

ಇದರ ನಡುವೆ ಒಂದು ತಂಪಾದ ಸಂಗತಿಯನ್ನು ಹೇಳದೆ ಮುಂದೆ ಹೋಗಲಾಗದು. ಫ್ಯೋದರನಿಗೂ ಬಹುಕಾಲ ಮಕ್ಕಳಿರಲಿಲ್ಲ. ೧೫೮೬ರ ಸುಮಾರಿಗೆ ಮಹಾಧರ್ಮಾಧ್ಯಕ್ಷನಾದ ದಿಯೊನೀಸಿಯೂ ಕೆಲವು ದೊಡ್ಡ ಬೊಯಾರರೂ ಕೂಡಿ, ರಾಣಿಯಾದ ಇರೀನಳನ್ನು ಮಠಕ್ಕೆ ಕಳುಹಿಸಿ ಬೇರೆ ಮದುವೆ ಮಾಡಿಕೊಳ್ಳಬೇಕೆಂದು ದೊರೆಯಲ್ಲಿ ಬಿನ್ನವಿಸಲು ಹವಣಿಸಿದರು. ತಾತನು ಮಾಡಿದ್ದನು, ತಂದೆಯು ಮಾಡಿದ್ದನು, ಆಕ್ಷೇಪಿಸುವವರಾರೂ ಇರಲಿಲ್ಲ. ಎಲ್ಲರೂ ಮಂದಬುದ್ಧಿಯವನೆಂದು ಕನಿಕರಿಸುತ್ತಿದ್ದ ಈ ದೊರೆಯು ಮಾತ್ರ ಹೆಂಡತಿಯನ್ನು ಬಿಡಲಿಲ್ಲ. ರಾಣಿಯ ಅಣ್ಣನಾದ ಬೊರೀಸ್ ಗೊದುನೋವನ ಪ್ರಾಬಲ್ಯವೂ ಇದಕ್ಕೆ ಕಾರಣವೆಂಬುದು ನಿಜ. ಆದರೂ ಆ ದಂಪತಿಗಳ ಅನ್ಯೋನ್ಯವನ್ನು ಎಲ್ಲರೂ ಹೇಳುತ್ತಾರೆ. ಅವರಿಗೆ ಹುಟ್ಟಿದ ಒಂದೇ ಹೆಣ್ಣುಮಗು ಎರಡು ವರ್ಷ ತುಂಬುವ ಮೊದಲೇ ತೀರಿತು. ೧೫೯೮ರಲ್ಲಿ ಫ್ಯೋದರನು ಸತ್ತಾಗ ಇರೀನಳು ತಾನಾಗಿಯೇ ಸಂನ್ಯಾಸವನ್ನು ಸ್ವೀಕರಿಸಿದಳು. ಆ ಮನೆತನದ ಅಂತಃಪುರದಿಂದ ಮಠಕ್ಕೆ ಹೋದ ಇಷ್ಟು ಹೆಂಗಸರಲ್ಲಿ ಬಲಾತ್ಕಾರವಿಲ್ಲದೆ ಹೋದವಳೆಂದು ನಾವು ಧೈರ್ಯವಾಗಿ ಹೇಳಬಹುದಾದವಳು ಆಕೆ.

ಹೀಗೆ ಏಳು ನೂರು ವರ್ಷದ ಹಳೆಯ ವಂಶವು ಮಾಸ್ಕೋದ ಸಿಂಹಾಸನದಲ್ಲಿ ಮುಗಿಯಿತು. ಮುಂದಿನದು ರಷ್ಯನರು ‘ಕಳವಳದ ಕಾಲ’ವೆಂದು ಕರೆಯುವ ಯುಗ. ಸತ್ತ ದಿಮಿತ್ರಿಯು ತಾನೇ ಎಂದು ಹೇಳಿಕೊಂಡು ಒಬ್ಬ ಸಾಹಸಿಯು ಪೋಲೆಂಡಿನ ಕಡೆಯಿಂದ ದಂಡೆತ್ತಿ ಬಂದನು. ೧೬೦೫ರಲ್ಲಿ ಆತನು ಮಾಸ್ಕೋವನ್ನು ಪ್ರವೇಶಿಸಿ, ಮಠದಲ್ಲಿದ್ದ ಮಾರ್ಫಳನ್ನು ಕರೆಸಿಕೊಂಡನು. ಹದಿನಾಲ್ಕು ವರ್ಷದ ಹಿಂದೆ ಮಗನ ಶವವನ್ನು ಕಂಡ ತಾಯಿಯು ಜನಸಮೂಹದ ಮುಂದೆ ಈತನನ್ನು ತಬ್ಬಿಕೊಂಡು ತನ್ನ ಮಗನೆಂದಳು. ಮರುವರ್ಷ ಆತನು ಕೊಲೆಯಾದಾಗ, ಅಲ್ಲ, ತನ್ನ ಮಗನು ಉಗ್ಲಿಚಿನಲ್ಲಿಯೇ ಸತ್ತನೆಂದಳು. ಅವಳನ್ನು ಸುಳ್ಳುಗಾತಿಯೆಂದು ಬೈಯುವುದು ಸುಲಭ. ಗಂಡನಿಂದ ಅಲಕ್ಷ್ಯ, ಮಗನ ಮರಣ, ಬಲಾತ್ಕಾರದ ಸಂನ್ಯಾಸ, ಇವಿಷ್ಟನ್ನು ಉಂಡವಳಿಗೆ ಯಾರೋ ಒಬ್ಬನು ಬಂದು ‘ತಾಯಿ’ ಎಂದು ಕರೆದು ರಾಣಿಯ ಮರ್ಯಾದೆಯನ್ನು ಕೊಟ್ಟಾಗ, ಅವಳು ಸತ್ಯವನ್ನು ಯಾರ ಸಲುವಾಗಿ ಕಾಯಬೇಕಾಗಿತ್ತು? ಅವಳ ಒಂದು ಮಾತಿನ ಮೇಲೆ ರಾಜ್ಯವು ಎದ್ದು ಬಿದ್ದಿತು.

೧೬೧೩ರಲ್ಲಿ ಅನಸ್ತಾಸಿಯಳ ಸೋದರನ ಮೊಮ್ಮಗನಾದ ಮಿಖಾಯಿಲ್ ರೊಮಾನೊವನು ಪಟ್ಟವೇರಿದ ಮೇಲೆ ನಾಡು ಶಾಂತವಾಯಿತು. ಐವಾನನು ಗಂಡುಮಕ್ಕಳಿಗಾಗಿ ಇಷ್ಟೆಲ್ಲ ಮಾಡಿದನು. ಕೊನೆಗೆ ಸಿಂಹಾಸನವು ಸಂದುದು ಮೊದಲನೆಯ ಹೆಂಡತಿಯ ತವರಿಗೆ.

ಗೋರಿಗಳು ಕೆಲವೊಮ್ಮೆ ಗ್ರಂಥಗಳಿಗಿಂತ ಸ್ಪಷ್ಟವಾಗಿ ಮಾತನಾಡುತ್ತವೆ. ಅನಸ್ತಾಸಿಯ, ಕಬಾರ್ದದ ಮರಿಯ, ಮಾರ್ಫ, ಕೊನೆಯವಳಾದ ಮರಿಯ ನಾಗಾಯ, ಈ ನಾಲ್ವರನ್ನು ಹೂಳಿದುದು ಕ್ರೆಮ್ಲಿನ್ ಕೋಟೆಯೊಳಗಿನ ವೊಜ್ನೆಸೇನ್‌ಸ್ಕಿ ಮಠದಲ್ಲಿ. ೧೯೨೯ರಲ್ಲಿ ಆ ಮಠವನ್ನು ಕೆಡವಿದಾಗ ಅವರ ಕಲ್ಲಿನ ಪೆಟ್ಟಿಗೆಗಳನ್ನು, ಐವಾನನು ಮಲಗಿರುವ ಆರ್ಕೇಂಜಲ್ ದೇವಾಲಯದ ನೆಲಮಾಳಿಗೆಗೆ ಸಾಗಿಸಿದರು. ಅನ್ನ ಎಂಬ ಹೆಸರಿನ ಇಬ್ಬರು ಅಲ್ಲಿಲ್ಲ. ಅವರು ದೂರದ ಮಠಗಳ ಮಣ್ಣಿನಲ್ಲಿದ್ದಾರೆ. ನಾಲ್ಕನೆಯ ರಾಣಿಯಾದ ಅನ್ನ ಕೊಲ್ತೋವ್‌ಸ್ಕಯಳು ದಾರಿಯ ಎಂಬ ಹೆಸರಿನಿಂದ ತೀಖ್ವಿನ್ ಮಠದಲ್ಲಿ ೧೬೨೬ರವರೆಗೂ ಬದುಕಿದ್ದಳು. ತನ್ನನ್ನು ಬಿಟ್ಟ ದೊರೆ, ಆತನ ಮಗ, ಗೊದುನೋವರು, ಸೋಗಿನ ದಿಮಿತ್ರಿ, ಶೂಯಿಸ್ಕಿ, ಎಲ್ಲರೂ ಬಂದು ಹೋದುದನ್ನು ಆ ವೃದ್ಧ ಸಂನ್ಯಾಸಿನಿಯು ಮಠದ ಗೋಡೆಯ ಒಳಗಿನಿಂದ ಕೇಳಿದಳು.

ಸುಜ್ದಾಲಿನ ಬಾಗಿಲು ಅಲ್ಲಿಗೂ ಮುಚ್ಚಲಿಲ್ಲ. ೧೬೯೮ರಲ್ಲಿ ಪೀಟರ್ ಮಹಾಶಯನು ಯೆವ್ದೊಕಿಯ ಲೊಪುಖಿನ ಎಂಬ ತನ್ನ ಹೆಂಡತಿಯನ್ನು ಅದೇ ಪೊಕ್ರೋವ್ ಮಠಕ್ಕೆ ಕಳುಹಿಸಿದನು. ನಾಡಿಗೆಲ್ಲ ಹೊಸತನವನ್ನು ತಂದ ಆ ದೊರೆಯೂ ಹೆಂಡತಿಯನ್ನು ಬಿಡುವ ವಿಷಯದಲ್ಲಿ ಹಳೆಯ ದಾರಿಯನ್ನೇ ಹಿಡಿದನು. ನಿಯಮವನ್ನು ಬಲಿಷ್ಠನಿಗಾಗಿ ಒಂದು ಸಲ ಸಡಿಲಿಸಿ, ಇದು ಇನ್ನಾರಿಗೂ ಸಲ್ಲದೆಂದು ಬರೆದಿಟ್ಟರೆ ಆ ಬರಹವನ್ನು ಕಾಲವು ಮನ್ನಿಸುವುದಿಲ್ಲ. ೧೫೭೨ರ ಬಿಷಪರು ತಮ್ಮ ದೊರೆಯೊಬ್ಬನಿಗೆ ಮಾತ್ರ ದಯೆ ತೋರಿಸಿದೆವೆಂದು ನಂಬಿದ್ದರು. ಆ ದಯೆಯ ಸಾಲವನ್ನು ತೀರಿಸಿದವರು ಮೊದಲು ಕೂದಲನ್ನು ಕಳೆದುಕೊಂಡ ಕೆಲವು ಹೆಂಗಸರು. ಆ ಮೇಲೆ ಉಗ್ಲಿಚಿನ ಒಬ್ಬ ಬಾಲಕ. ಕೊನೆಗೆ ಇಡೀ ನಾಡು.